ಹೂವಿನ ವಾರ ಉಳಿಸಿಕೊಳ್ಳಿ: ಬಿಸಿ ಏರಿದಾಗ ಸಣ್ಣ ಹೊಲದ ಕೆಲಸ

ಮೂರು ವರ್ಷದ ಹಿಂದೆ ನಮ್ಮ ಟೊಮೆಟೊ ಗಿಡಗಳನ್ನು ನೋಡೋಕೇ ಖುಷಿಯಾಗುತ್ತಿತ್ತು. ಸೊಂಟದೆತ್ತರ, ಕಡುಹಸಿರು ಎಲೆ, ಗೊಂಚಲು ಗೊಂಚಲು ಹೂ. ಒಂದು ಬೆಳಿಗ್ಗೆ ಕಳೆ ಕೀಳಲು ಸಾಲಿನ ಮಧ್ಯೆ ಕೂತೆ. ನೆಲವೆಲ್ಲ ಹಳದಿ. ಹೂಗಳು ತೊಟ್ಟಿನ ಗಂಟಿನ ಹತ್ತಿರ ಕಳಚಿಕೊಂಡು ಬಿದ್ದಿದ್ದವು. ಒಂದನ್ನು ಅಂಗೈ ಮೇಲೆ ಇಟ್ಟು ಉಗುರಿನಿಂದ ಸೀಳಿ ನೋಡಿದೆ. ಒಳಗಿನ ಕೇಸರದ ಕೊಳವೆ ಒಣಗಿ ಕಂದಾಗಿತ್ತು. ಬೆರಳಿನಿಂದ ತಟ್ಟಿದರೂ ಪರಾಗದ ಪುಡಿ ಉದುರಲಿಲ್ಲ.

ಗೊಬ್ಬರ ಸಾಲದು ಅಂತ ಯಾರೋ ಹೇಳಿದರು. ನಂಬಿ ಹಾಕಿದೆ. ಗಿಡ ಇನ್ನೂ ಎತ್ತರ ಬೆಳೆಯಿತು, ಹೂ ಇನ್ನೂ ಜಾಸ್ತಿ ಉದುರಿತು. ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಟೊಮೆಟೊ ಹೂವಿನ ಪರಾಗ ಹಾಳಾಗುವುದು ಹೂ ಅರಳಿದ ದಿನ ಅಲ್ಲ, ಅದಕ್ಕೆ 8ರಿಂದ 13 ದಿನ ಮೊದಲು, ಮೊಗ್ಗಿನ ಒಳಗೆ ಪರಾಗ ಕಟ್ಟುತ್ತಿರುವಾಗ. ಹಗಲು 32 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದೇ ಹೋದರೆ ಕಾಯಿ ಕಚ್ಚುವುದು ಕಷ್ಟ. ನಾನು ಆವತ್ತು ನೆಲದ ಮೇಲೆ ನೋಡಿದ ಹೂವಿಗೆ ಒಂದೆರಡು ವಾರ ಮೊದಲೇ ಪೆಟ್ಟು ಬಿದ್ದಿತ್ತು.

ಅವತ್ತಿನಿಂದ ನಾನು ಬಿಸಿಲಿನ ಬಗ್ಗೆ ಯೋಚನೆ ಮಾಡುವ ರೀತಿಯೇ ಬದಲಾಯಿತು. ಬೆಳೆಗೆ ಮೂರು-ನಾಲ್ಕು ತಿಂಗಳೂ ಬಿಸಿ ಒಂದೇ ಥರ ತಟ್ಟುವುದಿಲ್ಲ. ಕೆಲವು ದಿನ ಮಾತ್ರ ಅದು ಫಸಲನ್ನೇ ತಿಂದುಬಿಡುತ್ತದೆ. ನಮ್ಮಂಥ ಎರಡೂವರೆ ಎಕರೆಯವರು ಇಡೀ ಹೊಲವನ್ನು ಇಡೀ ಹಂಗಾಮು ತಂಪಾಗಿಡೋಕೆ ಆಗಲ್ಲ. ಆದರೆ ಆ ಕೆಲವು ದಿನಗಳನ್ನು ಕಾಪಾಡೋಕೆ ಆಗುತ್ತೆ. ನಾನು ಏನೇನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅಳತೆ

ಒಂದು ಗರಿಷ್ಠ-ಕನಿಷ್ಠ ಥರ್ಮಾಮೀಟರ್ ತಂದುಕೊಳ್ಳಿ. ಹಗಲಿನ ಅತಿ ಹೆಚ್ಚು, ರಾತ್ರಿಯ ಅತಿ ಕಡಿಮೆ, ಎರಡನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಎದೆಯೆತ್ತರದಲ್ಲಿ, ಪೂರ್ತಿ ನೆರಳಲ್ಲಿ, ಗಾಳಿ ಆಡುವ ಕಡೆ ತೂಗುಹಾಕಿ. ಗೋಡೆಗೆ ಹಾಕಿದರೆ ಗೋಡೆಯ ಕಾವನ್ನೇ ಅಳೆಯುತ್ತದೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ ಬೆಳೆ ಯಾವ ಹಂತದಲ್ಲಿದೆ ಅಂತ ಎರಡು ಮಾತು: ‘ಮೊಗ್ಗು’, ‘ಹೊಡೆ’ (ತೆನೆ ಇನ್ನೂ ಎಲೆಯ ಒರೆಯೊಳಗೇ ಇರುವಾಗ), ‘ಹಾಲುಗಾಳು’.

ರಾತ್ರಿಯ ಅಂಕಿಯನ್ನು ತಪ್ಪಿಸಬೇಡಿ. ನಾವೆಲ್ಲ ಹಗಲಿನ ಬಿಸಿಲನ್ನೇ ಬೈಯುತ್ತೇವೆ, ರಾತ್ರಿ ಮಾಡುವ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಗಿಡ ಹಗಲು ಮಾಡಿಟ್ಟುಕೊಂಡ ಸಕ್ಕರೆಯನ್ನು ರಾತ್ರಿ ಉಸಿರಾಟಕ್ಕೆ ಖರ್ಚು ಮಾಡುತ್ತದೆ. ರಾತ್ರಿ ಸೆಕೆ ಇದ್ದಷ್ಟೂ ಖರ್ಚು ಜಾಸ್ತಿ, ಕಾಳಿಗೆ ಉಳಿಯುವುದು ಕಡಿಮೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತಮ್ಮದೇ ಹೊಲದ ಲೆಕ್ಕವನ್ನು 2004ರಲ್ಲಿ ಪ್ರಕಟಿಸಿದರು. ಬೇಸಿಗೆ ಬೆಳೆಯ ಕಾಲದಲ್ಲಿ ರಾತ್ರಿಯ ಕನಿಷ್ಠ ಉಷ್ಣಾಂಶ 1 ಡಿಗ್ರಿ ಏರಿದರೆ ಭತ್ತದ ಇಳುವರಿ ಸುಮಾರು 10% ಇಳಿದಿತ್ತು. ಒಂದೇ ಒಂದು ಡಿಗ್ರಿ! ನಮ್ಮ ಮೈಗೆ ಅದು ಗೊತ್ತೂ ಆಗುವುದಿಲ್ಲ, ಅಲ್ವಾ.

ಹೂವಿನ ವಾರ ಯಾವಾಗ ಅಂತ ಎಣಿಸಿ

ಲೆಕ್ಕ ಸುಲಭ. ಬಿಸಿ ನಾಡಿನಲ್ಲಿ ಭತ್ತ ಹೂ ಬಿಟ್ಟ ಮೇಲೆ ಕಟಾವಿಗೆ ಸುಮಾರು 30 ದಿನ ಬೇಕು. ತಳಿ ಎಷ್ಟೇ ದಿನದ್ದಾಗಿರಲಿ, ಈ ಕೊನೆಯ 30 ದಿನ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ 120 ದಿನದ ತಳಿ ಬಿತ್ತಿದ 90ನೇ ದಿನದ ಆಸುಪಾಸು ಹೂ ಬಿಡುತ್ತದೆ. ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಗುರುತು ಹಾಕಿ. ಈಗ ನೋಟ್‌ಬುಕ್ ತೆಗೆದು, ಹೋದ ವರ್ಷ ಅದೇ ವಾರ ಉಷ್ಣಾಂಶ ಎಷ್ಟಿತ್ತು ನೋಡಿ. 35 ಡಿಗ್ರಿ ದಾಟಿತ್ತಾ? ಹಾಗಿದ್ದರೆ ಬಿತ್ತನೆಯನ್ನೇ ಹಿಂದಕ್ಕೋ ಮುಂದಕ್ಕೋ ಸರಿಸಬೇಕು.

35 ಯಾಕೆ ಅಂದರೆ, ಭತ್ತದ ಹೂ ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ ಬಾಯಿ ತೆರೆದಿರುತ್ತದೆ. ಅಷ್ಟರಲ್ಲಿ ಪರಾಗ ಉದುರಿ ಕೆಲಸ ಮುಗಿಯಬೇಕು. ಆ ಹೊತ್ತಿನಲ್ಲೇ 35 ಡಿಗ್ರಿಗಿಂತ ಜಾಸ್ತಿ ಕಾವು ಬಿದ್ದರೆ ಪರಾಗದ ಚೀಲ ಸರಿಯಾಗಿ ಒಡೆಯುವುದಿಲ್ಲ. ತೆನೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಬಾಗುವ ಹೊತ್ತಿಗೆ ಬಾಗದೆ ನೆಟ್ಟಗೆ ನಿಂತಾಗಲೇ ಗೊತ್ತಾಗುವುದು, ಹಿಚುಕಿದರೆ ಬರೀ ಜೊಳ್ಳು.

ಮೆಕ್ಕೆಜೋಳದಲ್ಲಿ ತಲೆ ಮೇಲಿನ ಸೂಲಂಗಿ, ಅಂದರೆ ಗಂಡು ಹೂವಿನ ಗೊಂಚಲು, ಪರಾಗ ಉದುರಿಸುವ ದಿನ ಮತ್ತು ಕೆಳಗೆ ತೆನೆಯ ರೇಷ್ಮೆ, ಅಂದರೆ ಪರಾಗ ಹಿಡಿಯುವ ಕೂದಲಿನಂಥ ಎಳೆ, ಹೊರಬರುವ ದಿನ ಕೂಡಿಬರಬೇಕು. ಬಿಸಿ ಮತ್ತು ಬರ ಸೇರಿದರೆ ರೇಷ್ಮೆ ತಡವಾಗಿ ಬರುತ್ತದೆ, ಬಂದದ್ದೂ ಬೇಗ ಒಣಗುತ್ತದೆ. ಅಲ್ಲಲ್ಲಿ ಕಾಳಿಲ್ಲದ ತೆನೆ ಸಿಕ್ಕರೆ ಆ ವಾರವನ್ನು ನೆನಪು ಮಾಡಿಕೊಳ್ಳಿ. ಗೋಧಿಯ ಕಷ್ಟ ಇನ್ನೊಂದು ಬಗೆ. ಅದಕ್ಕೆ ಕಾಳು ತುಂಬುವಾಗ ತಂಪು ಬೇಕು, ತಡವಾಗಿ ಬಿತ್ತಿದವರ ಬೆಳೆ ಸರಿಯಾಗಿ ಬೇಸಿಗೆಯ ಬಾಯಿಗೆ ಹೋಗಿ ಬೀಳುತ್ತದೆ.

ನಾನು ಮಾಡುವುದು ಎರಡು ಕೆಲಸ. ಒಂದು, ಹೊಲವನ್ನು ಮೂರು ಪಾಲು ಮಾಡಿ 10-12 ದಿನದ ಅಂತರದಲ್ಲಿ ಬಿತ್ತುತ್ತೇನೆ. ಯಾವ ವಾರ ಬಿಸಿಗಾಳಿ ಬಂದರೂ ಮೂರೂ ಪಾಲು ಒಟ್ಟಿಗೆ ಹೂವಿನಲ್ಲಿ ಇರುವುದಿಲ್ಲ. ಕಟಾವು ಮೂರು ಸಲ ಆಗುತ್ತದೆ, ಕೆಲಸ ಜಾಸ್ತಿ, ನಿಜ. ಆದರೆ ಮೂರರಲ್ಲಿ ಎರಡು ಉಳಿದ ವರ್ಷ ನಾನು ಆ ಕೆಲಸದ ಬಗ್ಗೆ ಒಂದು ಮಾತೂ ಆಡಿಲ್ಲ. ಎರಡು, ಒಂದು ಪಾಲಿಗಾದರೂ ಅಲ್ಪಾವಧಿ ತಳಿ ಹಾಕುತ್ತೇನೆ. ಕಡುಬೇಸಿಗೆಗೆ ಮೊದಲೇ ಹೂ ಮುಗಿಸಿಕೊಂಡು ಅದು ತಪ್ಪಿಸಿಕೊಳ್ಳುತ್ತದೆ.

ಬಿಸಿ ತಡೆಯುವ ತಳಿ ಅಂತ ಮಾರುವವರು ಈಗ ತುಂಬಾ ಜನ. ನಿಜವಾಗಿ ತಡೆಯುವ ತಳಿಗಳೂ ಇವೆ. ಭತ್ತದಲ್ಲಿ ನಗೀನಾ 22 ಅನ್ನುವ ಹಳೆಯ ತಳಿಯನ್ನು ಸಂಶೋಧಕರು ಇವತ್ತಿಗೂ ಇದಕ್ಕೇ ಬಳಸುತ್ತಾರೆ. ಬೆಳಿಗ್ಗೆ ತಂಪಿರುವಾಗಲೇ ಬೇಗ ಹೂ ತೆರೆಯುವ ಗುಣವನ್ನು ಕಾಡುಭತ್ತದಿಂದ ನಾವು ಬೆಳೆಯುವ ಭತ್ತಕ್ಕೆ ತರುವ ಕೆಲಸವೂ ನಡೆದಿದೆ. ಆದರೆ ಯಾವುದೇ ಹೊಸ ತಳಿಯನ್ನು ಮೊದಲ ವರ್ಷ ನಾಲ್ಕು ಸಾಲಿಗೆ ಮಾತ್ರ ಹಾಕಿ, ನಿಮ್ಮ ತಳಿಯ ಪಕ್ಕದಲ್ಲೇ. ಅಲ್ಲಿ ಗೆದ್ದರೆ ಮುಂದಿನ ವರ್ಷ ಜಾಗ ಕೊಡಿ.

ಎಲೆಯನ್ನು ಮುಟ್ಟಿ ನೋಡಿ

ಇದನ್ನು ಹೇಳಿಕೊಟ್ಟವರು ನಮ್ಮ ಅತ್ತೆ. ಮಧ್ಯಾಹ್ನ ಎರಡು ಗಂಟೆಗೆ ಹೊಲಕ್ಕೆ ಇಳಿದು, ಬಿಸಿಲಿಗೆ ಬಿದ್ದ ಎಲೆಯನ್ನು ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಮುಟ್ಟಬೇಕು. ಮಗುವಿಗೆ ಜ್ವರ ಬಂದಿದೆಯಾ ಅಂತ ನೋಡುವ ಹಾಗೆ. ಬೇರಿಗೆ ನೀರು ಸಿಗುತ್ತಿರುವ ಎಲೆ ಆ ಉರಿಯಲ್ಲೂ ತಣ್ಣಗಿರುತ್ತದೆ. ನೀರು ಸಾಲದ ಎಲೆ ಬೆಚ್ಚಗೆ ತಾಗುತ್ತದೆ.

ಅದರ ಹಿಂದಿನ ಕಾರಣ ನನಗೆ ತಿಳಿದಿದ್ದು ಎಷ್ಟೋ ದಿನ ಆದ ಮೇಲೆ. ನಾವು ಬೆವರುವ ಹಾಗೆ ಎಲೆಯೂ ಸಣ್ಣ ಸಣ್ಣ ರಂಧ್ರಗಳಿಂದ ನೀರಾವಿ ಬಿಟ್ಟು ತನ್ನನ್ನು ತಂಪು ಮಾಡಿಕೊಳ್ಳುತ್ತದೆ. ನೀರು ಕಡಿಮೆಯಾದರೆ ರಂಧ್ರ ಮುಚ್ಚುತ್ತದೆ. ಆಗ ಎಲೆಯ ಕಾವು ಸುತ್ತಲಿನ ಗಾಳಿಗಿಂತ ಮೇಲಕ್ಕೆ ಹೋಗುತ್ತದೆ. ಅಂದರೆ ಗಾಳಿ ಅದೇ 36 ಡಿಗ್ರಿ ಇದ್ದರೂ, ಬಾಯಾರಿದ ಗಿಡ ಅದಕ್ಕಿಂತ ಬಿಸಿ ದಿನವನ್ನು ಅನುಭವಿಸುತ್ತಿರುತ್ತದೆ. ಜೊತೆಗೆ ಪ್ರತಿ 1 ಡಿಗ್ರಿಗೂ ಗಾಳಿ ಸುಮಾರು 7% ಹೆಚ್ಚು ನೀರಾವಿ ಹಿಡಿಯಬಲ್ಲದು. ಗಾಳಿಗೂ ಬಾಯಾರಿಕೆ ಜಾಸ್ತಿಯಾಗುತ್ತದೆ. ಅದು ಗಿಡದಿಂದಲೂ ಹೀರುತ್ತದೆ, ಮಣ್ಣಿನಿಂದಲೂ ಹೀರುತ್ತದೆ.

ಹಾಗಾಗಿ ಇರುವ ನೀರನ್ನು ಎಲ್ಲ ದಿನಕ್ಕೂ ಸಮನಾಗಿ ಹಂಚಬೇಡಿ. ಹೂವಿನ ವಾರಕ್ಕೆ ಅಂತ ಎತ್ತಿಡಿ. ಗಿಡ ಎಲೆ ಬೆಳೆಸುತ್ತಿರುವಾಗ ಒಂದು ನೀರು ತಡವಾದರೆ ಸುಧಾರಿಸಿಕೊಳ್ಳುತ್ತದೆ. ಹೂವಿನಲ್ಲಿ ತಡವಾದರೆ ಇಲ್ಲ. ಭತ್ತಕ್ಕೆ ಆ ವಾರ ಗದ್ದೆಯಲ್ಲಿ ಮೂರು-ನಾಲ್ಕು ಬೆರಳು ನೀರು ನಿಲ್ಲಲೇಬೇಕು.

ನೀರು ಹಾಯಿಸುವುದು ಸಂಜೆ ಕತ್ತಲಾದ ಮೇಲೆ ಅಥವಾ ಬೆಳಗಿನ ಜಾವ. ಡ್ರಿಪ್ ಇರುವವರು ಒಂದು ಗಮನಿಸಿ. ಕಪ್ಪು ಪೈಪಿನೊಳಗೆ ನಿಂತ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ. ಆಗ ಗೇಟ್ ವಾಲ್ವ್ ತಿರುಗಿಸಿದರೆ ಮೊದಲು ಬೇರಿಗೆ ಬೀಳುವುದು ಆ ಬಿಸಿನೀರು. ಎಳೆ ಸಸಿಗಳಿಗೆ ಅದು ಒಳ್ಳೆಯದಲ್ಲ.

ನೆಲಕ್ಕೆ ಹೊದಿಕೆ

ನನ್ನ ಅನುಭವದಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಫಲ ಕೊಟ್ಟಿದ್ದು ಇದೇ. ಹೋದ ಬೇಸಿಗೆಯಲ್ಲಿ ಒಂದೇ ಸಾಲಿನ ಅರ್ಧಕ್ಕೆ ಒಣಹುಲ್ಲು ಹೊದಿಸಿ, ಇನ್ನರ್ಧ ಬರಿದಾಗಿ ಬಿಟ್ಟೆ. ಮಧ್ಯಾಹ್ನ ಎರಡೂ ಕಡೆ ಎರಡು ಇಂಚು ಆಳಕ್ಕೆ ಥರ್ಮಾಮೀಟರ್ ಚುಚ್ಚಿದೆ. ಬರಿ ನೆಲ 43, ಹೊದಿಕೆಯ ಕೆಳಗೆ 31. ಹುಲ್ಲು ಎತ್ತಿದರೆ ಮಣ್ಣಿನ ಘಮ ಬಂತು, ಎರೆಹುಳು ಓಡಾಡಿದ ಸಣ್ಣ ಸಣ್ಣ ಗುಳಿಗೆಯಂಥ ಮಣ್ಣು ಕಂಡಿತು. ಈ ಕಡೆ ನೆಲ ಬಿರುಕು ಬಿಟ್ಟಿತ್ತು. ಅಲ್ಲಿಯ ಎಳೆ ಸಸಿಗಳ ಕಾಂಡ ಮಣ್ಣಿಗೆ ತಾಗುವ ಜಾಗದಲ್ಲಿ ಸುಟ್ಟು ಸಣಕಲಾಗಿತ್ತು. ರೋಗ ಅಂತ ಔಷಧಿ ಹೊಡೆಯೋಕೆ ಹೊರಡುವ ಮೊದಲು ಆ ಜಾಗವನ್ನು ಬಾಗಿ ನೋಡಿ. ಎಷ್ಟೋ ಸಲ ಅದು ನೆಲದ ಕಾವು ಸುಟ್ಟ ಗಾಯ.

ಹುಲ್ಲು, ತರಗೆಲೆ, ಜೋಳದ ದಂಟು, ಕಿತ್ತ ಕಳೆ, ಏನಾದರೂ ಆಗುತ್ತದೆ. ಕಳೆ ಬೀಜ ಕಟ್ಟಿರಬಾರದು ಅಷ್ಟೇ. ನಾಲ್ಕು ಬೆರಳು ದಪ್ಪ ಹೊದಿಸಿ. ತೆಳ್ಳಗೆ ಚೆಲ್ಲಿದರೆ ಬಿಸಿಲು ಒಳಗೆ ಇಳಿಯುತ್ತದೆ. ಕಾಂಡದ ಸುತ್ತ ಸ್ವಲ್ಪ ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ನೆಲ ಒದ್ದೆ ಇರುವಾಗಲೇ ಹೊದಿಸಬೇಕು. ಒಣಗಿದ ಮೇಲೆ ಹೊದಿಸಿದರೆ ಸಣ್ಣ ಮಳೆಯ ನೀರೆಲ್ಲ ಹುಲ್ಲೇ ಕುಡಿದುಬಿಡುತ್ತದೆ. ಇನ್ನೊಂದು, ಒಣಹುಲ್ಲನ್ನು ಮಣ್ಣಿಗೆ ಬೆರೆಸಬೇಡಿ. ಬೆರೆಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಮೇಲೆ ಮೇಲೆ ಇರಲಿ.

ದನಕ್ಕೇ ಹುಲ್ಲು ಸಾಲದವರು ಹೊದಿಕೆಗೆ ಎಲ್ಲಿಂದ ತರೋದು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಂಥವರು ಸಾಲುಗಳ ಮಧ್ಯೆ ಅಲಸಂದೆಯಂಥ ಹರಡುವ ಕಾಳು ಹಾಕಿ. ಅದೇ ಜೀವಂತ ಹೊದಿಕೆ. ಅದಕ್ಕೂ ನೀರು ಬೇಕು ಅನ್ನುವುದು ನೆನಪಿರಲಿ, ನೀರು ತೀರಾ ಕಡಿಮೆ ಇದ್ದರೆ ಅಂತರ ಜಾಸ್ತಿ ಮಾಡಿ.

ಮರ ಮತ್ತು ನೆರಳು

ಸಸಿಮಡಿಗೆ ಶೇಡ್ ನೆಟ್ ಕಟ್ಟುವಾಗ ಕಡುಹಸಿರು ದಟ್ಟ ಬಲೆ ಬೇಡ. ನೆರಳು ಜಾಸ್ತಿಯಾದರೆ ಸಸಿ ಬೆಳಕು ಹುಡುಕಿ ಉದ್ದಕ್ಕೆ ಸಣಕಲಾಗಿ ಬೆಳೆಯುತ್ತದೆ. ತರಕಾರಿಗೆ 35%ರಿಂದ 50% ನೆರಳಿನ ಬಲೆ ಸಾಕು. ಆಳೆತ್ತರಕ್ಕೆ ಕಟ್ಟಿ, ಪಕ್ಕ ತೆರೆದಿರಲಿ, ಗಾಳಿ ಹಾಯಬೇಕು. ನಾಟಿಗೆ ಒಂದು ವಾರ ಮೊದಲು ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ತೆಗೆದು ಸಸಿಗೆ ಬಿಸಿಲು ಅಭ್ಯಾಸ ಮಾಡಿಸಿ.

ಹೊಲದ ನೆರಳಿಗೆ ಮರವೇ ಬೇಕು. ಮರ ಅಂದರೆ ಸಸಿ ತಂದು ನೆಡುವುದು, ನೀರು ಹೊರುವುದು, ಅದು ಸಾಯುವುದು ಅಂತ ನಾನು ಅಂದುಕೊಂಡಿದ್ದೆ. ನೈಜರ್ ದೇಶದ ಕಥೆ ಓದಿದ ಮೇಲೆ ಆ ಯೋಚನೆ ಬಿಟ್ಟೆ. ಅಲ್ಲಿ ಟೋನಿ ರಿನೌಡೋ ಅನ್ನುವ ಆಸ್ಟ್ರೇಲಿಯಾದ ಕೃಷಿ ತಜ್ಞ ಸಸಿ ನೆಟ್ಟು ನೆಟ್ಟು ಸೋತಿದ್ದರು. 1983ರ ಸುಮಾರಿಗೆ, ಹೊಲದ ತುಂಬ ಕುರುಚಲು ಅಂತ ಕಾಣುತ್ತಿದ್ದದ್ದು ನಿಜಕ್ಕೂ ಕಡಿದ ಮರಗಳ ಬೊಡ್ಡೆಯ ಚಿಗುರು ಅಂತ ಅವರಿಗೆ ಹೊಳೆಯಿತು. ಬೇರು ಕೆಳಗೆ ಬದುಕೇ ಇತ್ತು. ಮುಂದೆ ಅಲ್ಲಿಯ ರೈತರು ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಈ ರೀತಿ ಮರ ಎಬ್ಬಿಸಿದರು.

ಮಾಡುವ ವಿಧಾನ ಹೀಗೆ. ಒಂದು ಬೊಡ್ಡೆಯಲ್ಲಿ ಹತ್ತಿಪ್ಪತ್ತು ಚಿಗುರು ಇರುತ್ತದೆ. ನೆಟ್ಟಗಿರುವ, ಗಟ್ಟಿಯಾದ ಮೂರರಿಂದ ಐದನ್ನು ಉಳಿಸಿ, ಉಳಿದದ್ದನ್ನು ಬುಡಕ್ಕೆ ಸವರಿ. ಉಳಿಸಿದ ಕವಲುಗಳಲ್ಲಿ ಕೆಳಗಿನ ಅರ್ಧದವರೆಗೆ ಪಕ್ಕದ ಕೊಂಬೆ ತೆಗೆಯಿರಿ. ಹರಿತ ಕತ್ತಿಯಲ್ಲಿ ಕೆಳಗಿನಿಂದ ಮೇಲಕ್ಕೆ ಕೊಯ್ಯಿರಿ, ತೊಗಟೆ ಸೀಳಬಾರದು. ಎರಡು-ಮೂರು ತಿಂಗಳಿಗೊಮ್ಮೆ ಹೊಸ ಚಿಗುರು ತೆಗೆಯುತ್ತಿರಿ. ನಮ್ಮ ಬದುವಿನ ಒಂದು ಬೊಡ್ಡೆ ಎರಡನೇ ವರ್ಷಕ್ಕೇ ನನಗಿಂತ ಎತ್ತರ ಆಯಿತು. ಒಂದು ಕೊಡ ನೀರು ಹಾಕಿಲ್ಲ.

ಆಫ್ರಿಕಾದಲ್ಲಿ ಫೈಡರ್ಬಿಯಾ ಅಂತ ಜಾಲಿಯ ಸಂಬಂಧದ ಒಂದು ಮರ ಇದೆ. ಮಳೆಗಾಲದಲ್ಲಿ ಎಲೆ ಉದುರಿಸಿ ಬೆಳೆಗೆ ಬೆಳಕು ಬಿಡುತ್ತದೆ, ಬೇಸಿಗೆಯಲ್ಲಿ ಹಸಿರಾಗಿ ನೆರಳು ಕೊಡುತ್ತದೆ. ನಿಮ್ಮಲ್ಲಿ ಅದು ಸಿಗಬೇಕಾಗಿಲ್ಲ. ನಿಮ್ಮ ಬೆಳೆ ಬೆಳಕು ಕೇಳುವ ತಿಂಗಳಲ್ಲಿ ಯಾವ ಮರ ಎಲೆ ಉದುರಿಸುತ್ತದೆ ಅಂತ ಒಂದು ವರ್ಷ ಗಮನಿಸಿ, ಅದನ್ನೇ ಉಳಿಸಿಕೊಳ್ಳಿ.

ನೆಲ ಕಾದು ಗಟ್ಟಿಯಾಗಿ ಮಳೆನೀರು ಇಳಿಯದೇ ಇದ್ದರೆ ಗುಂಡಿ ಬಿತ್ತನೆ ಮಾಡಿ. ಬುರ್ಕಿನಾ ಫಾಸೊದ ಯಾಕೂಬಾ ಸವಾಡೋಗೋ 1980ರ ದಶಕದ ಬರದಲ್ಲಿ ಹಳೆಯ ‘ಜಾಯಿ’ ಗುಂಡಿಯನ್ನು ಅಗಲ ಮಾಡಿ, ಗೊಬ್ಬರ ತುಂಬಿ, ಬಂಜರು ನೆಲದಲ್ಲಿ ಬೆಳೆ ತೆಗೆದ ರೈತ. ಬೇಸಿಗೆಯಲ್ಲೇ 20-40 ಸೆಂಟಿಮೀಟರ್ ಅಗಲ, 10-20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಮಣ್ಣನ್ನು ಇಳಿಜಾರಿನ ಕೆಳಬದಿಗೆ ಹಾಕಿ. ಎರಡು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ ಬಿಡಿ. ಗೊಬ್ಬರಕ್ಕೆ ಬಂದ ಗೆದ್ದಲು ನೆಲ ಕೊರೆದು ನೀರಿಗೆ ದಾರಿ ಮಾಡುತ್ತದೆ. ಮಳೆ ಬಿದ್ದಾಗ ಬೀಜ ಹಾಕಿ. ಬೆನ್ನು ಮುರಿಯುವ ಕೆಲಸ, ಒಂದು ವರ್ಷಕ್ಕೆ ಒಂದು ತುಂಡು ನೆಲ ಸಾಕು.

ಬೀಜ, ಹುಳ, ದನ

ಬೀಜದ ಆಯುಸ್ಸಿಗೆ ಒಂದು ಹಳೆಯ ಲೆಕ್ಕ ಇದೆ. ಇಟ್ಟ ಜಾಗ 5 ಡಿಗ್ರಿ ತಂಪಾದರೆ ಆಯುಸ್ಸು ಇಮ್ಮಡಿ. ಬೀಜದ ತೇವ 1% ಇಳಿದರೂ ಇಮ್ಮಡಿ. ಅಂದರೆ ತಗಡಿನ ಮಾಡಿನ ಕೆಳಗೆ ಅಟ್ಟದಲ್ಲಿ ಇಟ್ಟ ಬೀಜ ಸುಮ್ನೆ ಸಾಯುತ್ತಿರುತ್ತದೆ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ತುಂಬಿ, ಮನೆಯ ಅತಿ ತಂಪಾದ ಮೂಲೆಯಲ್ಲಿ ನೆಲಕ್ಕೆ ಹತ್ತಿರ ಇಡಿ. ಬಿತ್ತುವ ಮೊದಲು ನೂರು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಎಷ್ಟು ಮೊಳೆಯಿತು ಎಣಿಸಿ.

ಬಿಸಿ ಏರಿದಷ್ಟೂ ಹುಳದ ತಲೆಮಾರು ಬೇಗ ಬೇಗ ಬರುತ್ತದೆ. ಮೆಕ್ಕೆಜೋಳದ ಸೈನಿಕ ಹುಳು (ಫಾಲ್ ಆರ್ಮಿವರ್ಮ್) 2016ರಲ್ಲಿ ಆಫ್ರಿಕಾದಲ್ಲಿ, 2018ರಲ್ಲಿ ಭಾರತದಲ್ಲಿ ಕಾಣಿಸಿಕೊಂಡಿತು. ಬೆಚ್ಚಗಿದ್ದರೆ ಅದು ಸುಮಾರು ಒಂದು ತಿಂಗಳಲ್ಲೇ ಮೊಟ್ಟೆಯಿಂದ ಪತಂಗವಾಗುತ್ತದೆ. ವಾರಕ್ಕೆ ಒಂದು ಸಲ ಸುಳಿ ಬಿಡಿಸಿ ನೋಡುತ್ತಿದ್ದವರು ಎರಡು ಸಲ ನೋಡಿ.

ಹಸುವಿಗೆ ಬಿಸಿ ತಾಗಿದೆಯಾ ಅಂತ ತಿಳಿಯೋಕೆ ಪಕ್ಕೆ ನೋಡಿ ಉಸಿರು ಎಣಿಸಿ. ನಿಮಿಷಕ್ಕೆ 60 ದಾಟಿದರೆ ಅದು ಕಷ್ಟದಲ್ಲಿದೆ. ಮೇವು ಜೀರ್ಣವಾಗುವಾಗ ಹೊಟ್ಟೆಯೊಳಗೇ ಕಾವು ಹುಟ್ಟುತ್ತದೆ, ಅದಕ್ಕೇ ಹೆಚ್ಚಿನ ಮೇವನ್ನು ಸಂಜೆ ಮತ್ತು ರಾತ್ರಿ ಹಾಕಿ. ನೀರು ಸದಾ ಎದುರಿಗಿರಲಿ, ತೊಟ್ಟಿ ನೆರಳಲ್ಲಿರಲಿ. ತಗಡಿನ ಮಾಡಿಗೆ ಮೇಲೆ ಸುಣ್ಣ ಬಳಿದು, ಕೆಳಗೆ ಹುಲ್ಲಿನ ತಟ್ಟಿ ಕಟ್ಟಿ. ಸೆಕೆಯ ತಿಂಗಳಲ್ಲಿ ಬೆದೆ ಹೆಚ್ಚಾಗಿ ರಾತ್ರಿ ಕಾಣಿಸಿಕೊಳ್ಳುತ್ತದೆ, ಮಲಗುವ ಮೊದಲು ಒಂದು ಸಲ ಕೊಟ್ಟಿಗೆಗೆ ಹೋಗಿ ಬನ್ನಿ.

ನಿಮ್ಮ ಮೈ

ಇದನ್ನು ಯಾರೂ ಕೃಷಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಹೊಲದಲ್ಲಿ ಅತಿ ಜಾಸ್ತಿ ಬಿಸಿಲು ತಿನ್ನುವುದು ಬಾಗಿ ನಿಂತ ಬೆನ್ನು.

ಬೆಳಕು ಹರಿಯುವಾಗ ಶುರು ಮಾಡಿ, ಹನ್ನೊಂದಕ್ಕೆ ನಿಲ್ಲಿಸಿ, ನಾಲ್ಕರ ಮೇಲೆ ಮತ್ತೆ ಇಳಿಯಿರಿ. ಬಾಯಾರಿಕೆಗೆ ಕಾಯಬೇಡಿ. ದುಡಿಯುತ್ತಿರುವಾಗ 15-20 ನಿಮಿಷಕ್ಕೆ ಒಂದು ಲೋಟ ನೀರು. ಎಷ್ಟೋ ದಿನ ಬಿಟ್ಟು ಹೊಲಕ್ಕೆ ಬಂದವರನ್ನು ಮೊದಲ ದಿನವೇ ಪೂರ್ತಿ ದುಡಿಸಬೇಡಿ. ಬಿಸಿಗೆ ಒಗ್ಗಿಕೊಳ್ಳೋಕೆ ಮೈಗೆ ಒಂದರಿಂದ ಎರಡು ವಾರ ಬೇಕು.

ಜೊತೆಯವರು ತೊದಲಿದರೆ, ಕೇಳಿದ್ದಕ್ಕೆ ಏನೋ ಉತ್ತರ ಕೊಟ್ಟರೆ, ತೂರಾಡಿದರೆ, ಮೈ ಕೆಂಡದಂತಿದ್ದರೆ, ಅದು ಸುಸ್ತಲ್ಲ, ಬಿಸಿಲಿನ ಹೊಡೆತ. ಬೆವರು ಇದೆಯಲ್ಲ ಅಂತ ಸುಮ್ಮನಾಗಬೇಡಿ, ಬೆವರುತ್ತಲೂ ಅದು ಬರುತ್ತದೆ. ತಕ್ಷಣ ನೆರಳಿಗೆ ತಂದು ಬಟ್ಟೆ ಸಡಿಲ ಮಾಡಿ. ತಲೆ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ನೀರು ಸುರಿಯುತ್ತಾ ಗಾಳಿ ಬೀಸಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಆಸ್ಪತ್ರೆಗೆ ಗಾಡಿ ಕರೆಯಿರಿ. ಗಾಡಿ ಬರುವವರೆಗೂ, ದಾರಿಯುದ್ದಕ್ಕೂ ನೀರು ಹಾಕುವುದನ್ನು ನಿಲ್ಲಿಸಬೇಡಿ.

ನಮ್ಮ ಹೊಲದ ಮೇಲ್ಬದಿಯಲ್ಲಿ, ಆ ಬೊಡ್ಡೆಯಿಂದ ಎದ್ದ ಮರದ ಕೆಳಗೆ, ಈಗ ಮುಚ್ಚಳದ ಎರಡು ಕೊಡ ನೀರು ಸದಾ ತುಂಬಿರುತ್ತದೆ. ಒಂದು ಕುಡಿಯೋಕೆ, ಇನ್ನೊಂದು ಸುರಿಯೋಕೆ.